ಇರುವೆಗಳು ತಿಂದ ಶನಿವಾರಗಳು

ವಿಮಲಳಿಗೆ ಸಮುದ್ರ ನೋಡಬೇಕಿತ್ತು. ಮನೆ ಹತ್ತಿರದ ಮೀನಂಗಡಿಯಲ್ಲಿ ಬಸ್ಸು ಹತ್ತಿ ಘಾಟಿ ಇಳಿದರೆ ಕಲ್ಲಿಕೋಟೆಯಲ್ಲಿ ಅದು ಬಿದ್ದುಕೊಂಡೇ ಇದೆ, ಯಾರೂ ಬೀಗ ಹಾಕಿಲ್ಲ. ಆದರೂ ಮಗನ ಮದುವೆಯಾಗಿ ತಲೆ ಮುಕ್ಕಾಲು ನರೆತರೂ ಅವಳು ಅದನ್ನು ಕಂಡಿರಲಿಲ್ಲ. ಗಂಡ ಪದ್ಮಪ್ಪನ ಮನೆಯಲ್ಲಿ ಕಾರಣವಿಲ್ಲದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಮದುವೆ, ಸಾವು, ಬಸದಿಯ ಪೂಜೆ, ಆಸ್ಪತ್ರೆ, ಅಷ್ಟೇ. ಕಲ್ಲಿಕೋಟೆಯಲ್ಲಿ ಇವರಿಗೆ ನೆಂಟರಿಲ್ಲ. ಪರಿಚಯದವರಾದರೂ ಅಲ್ಲಿಗೆ ಹೋಗಿ ಸಾಯುವ ಸೌಜನ್ಯ ತೋರಿರಲಿಲ್ಲ.

ಅಂಥ ಮನೆಗೆ ಡಿಸೆಂಬರಿನಲ್ಲಿ ಟೆಸ್ಸಾ ಬಂದಳು. ನ್ಯೂಜಿಲೆಂಡಿನ ಹುಡುಗಿ. ಬೇಸಿಗೆ ರಜೆಯ ಸಂಶೋಧನಾ ಇಂಟರ್ನ್‌ಶಿಪ್ಪಿಗೆಂದು ಇಷ್ಟು ದೂರ ಹಾರಿ ಬಂದು, ಪದ್ಮಪ್ಪನ ಕಾಫಿ ತೋಟದಲ್ಲಿ ಇರುವೆ ಎಣಿಸುವವಳು. ಮಂಜಿನಲ್ಲಿ ಸ್ವೆಟರಿನ ಮೇಲೆ ಶಾಲು ಹೊದ್ದು ನಡುಗುತ್ತಿದ್ದ ವಿಮಲಳಿಗೆ, ನಮಗೀಗ ಬೇಸಿಗೆ ಎಂದಳು. ದೇಶವೇ ತಲೆಕೆಳಗಾದರೆ ಪಾಪ, ಮಗು ಏನು ಮಾಡೀತು ಎಂದು ವಿಮಲ ಒಪ್ಪಿಕೊಂಡಳು. ಆದರೆ ಮುಂದಿನ ಮಾತಿಗೆ ಅವಳ ಕಿವಿ ನೆಟ್ಟಗಾಯಿತು. ಶನಿವಾರ ಭಾನುವಾರ ನನಗೆ ಕೆಲಸವಿಲ್ಲ, ಊರೂರು ಸುತ್ತುತ್ತೇನೆ, ಮೊದಲು ಕಲ್ಲಿಕೋಟೆಯ ಕಡಲು ಎಂದಳು ಟೆಸ್ಸಾ.

ಮನೆಗೆ ಬಂದ ಹುಡುಗಿಯನ್ನು ಒಬ್ಬಳೇ ಕಳಿಸಲಾದೀತೇ ಎಂದು ವಿಮಲ ಗಂಡನನ್ನು ಕೇಳಿದಳು. ಪದ್ಮಪ್ಪ ಯೋಚಿಸಿ, ಅದು ಕಾರಣವೇ ಹೌದು ಎಂದ. ಆ ಸಂಜೆಯೇ ಪೆಟ್ಟಿಗೆಯ ತಳದ ನೀಲಿ ಸೀರೆ ಹೊರಬಂತು.

ಕೆಟ್ಟಿದ್ದು ಸ್ಪಿರಿಟ್ಟಿನ ಬಾಟಲಿಯಿಂದ. ಟೆಸ್ಸಾ ತೋಟದ ಮಣ್ಣಿನಲ್ಲಿ ಬಟ್ಟಲು ಹೂತು, ಬಿದ್ದ ಇರುವೆಗಳನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿ ಎಣಿಸುವವಳಿದ್ದಳು. ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವ ಪದ್ಮಪ್ಪ, ತನ್ನ ತೋಟದಲ್ಲಿ ಒಂದು ಜೀವವೂ ಹೋಗಕೂಡದು ಎಂದುಬಿಟ್ಟ. ಟೆಸ್ಸಾ ಒಳ್ಳೆಯ ಹುಡುಗಿ, ಬದುಕಿರುವುದನ್ನೇ ಎಣಿಸಿ ಬಿಡುತ್ತೇನೆ ಎಂದಳು. ಆದರೆ ಸತ್ತ ಇರುವೆ ಇಟ್ಟಲ್ಲಿ ಇರುತ್ತದೆ, ಬದುಕಿರುವುದಕ್ಕೆ ಅದರದೇ ಕೆಲಸಗಳಿರುತ್ತವೆ. ಒಂದು ಎನ್ನುವಷ್ಟರಲ್ಲಿ ಅದು ಮೊಣಕೈ ದಾಟಿರುತ್ತದೆ. ಹೀಗೆ ಶುಕ್ರವಾರ ಮುಗಿಯಬೇಕಾದ ಎಣಿಕೆ ಶನಿವಾರವನ್ನು ತಿಂದು ಭಾನುವಾರಕ್ಕೂ ಬಾಯಿ ಹಾಕಿತು.

ಕಡಲಿನ ಆಸೆಗೆ ವಿಮಲ ತಾನೂ ಎಣಿಸಲು ಕೂತಳು. ಪದ್ಮಪ್ಪನೂ ಕೂತ. ಅವನು ಕನ್ನಡದಲ್ಲಿ ಶುರುಮಾಡಿ, ಇಪ್ಪತ್ತು ದಾಟಿದ ಮೇಲೆ ಮಲಯಾಳಕ್ಕೆ ಇಳಿದು, ಅಷ್ಟರಲ್ಲಿ ಫೋನು ಬಂದು ಮತ್ತೆ ಒಂದರಿಂದ ಶುರುಮಾಡುತ್ತಿದ್ದ.

ಮೂರನೆಯ ವಾರದ ಹೊತ್ತಿಗೆ ಒಂದು ಅದ್ಭುತ ಕಂಡಿತು. ಆಚೆಯ ತೋಟಕ್ಕಿಂತ ಮನೆಪಕ್ಕದ ತೋಟದಲ್ಲಿ ಇರುವೆಗಳು ಹತ್ತಾರು ಪಟ್ಟು. ಟೆಸ್ಸಾ ಕುಣಿದಾಡಿದಳು. ಅವಳ ಪ್ರೊಫೆಸರ್ ಅಲ್ಲಿಂದಲೇ ಕುಣಿದು, ಇನ್ನು ವೀಕೆಂಡಿನಲ್ಲೂ ಎಣಿಸು ಎಂದು ಬರೆದರು. ನೆರಳು ಕಾರಣವೋ, ಮಣ್ಣಿನ ತೇವವೋ ಎಂದು ಟೆಸ್ಸಾ ತಲೆ ಕೆಡಿಸಿಕೊಂಡರೆ, ವಿಮಲ ಎಲ್ಲಕ್ಕೂ ತಲೆಯಾಡಿಸಿದಳು. ಕಾರಣ ಅವಳಿಗೆ ಗೊತ್ತಿತ್ತು. ನಮ್ಮಿಂದಾಗಿ ಪಾಪ, ಇವಕ್ಕೆ ದಿನವಿಡೀ ಬಟ್ಟಲಲ್ಲಿ ಸೆರೆ ಎಂದು, ದಿನಾ ಸ್ನಾನ ಮುಗಿಸಿ ಅವಳೇ ಅಲ್ಲಿ ಅಕ್ಕಿಹಿಟ್ಟಿಗೆ ಸಕ್ಕರೆ ಬೆರೆಸಿ ಉದುರಿಸುತ್ತಿದ್ದಳು. ಇರುವೆಗಳು ಬಂಧುಬಳಗಕ್ಕೆಲ್ಲ ಹೇಳಿಕಳಿಸಿದ್ದವು.

ಸದ್ದಿಲ್ಲದೆ ಹಿಟ್ಟು ನಿಲ್ಲಿಸಿದರೆ ಎಣಿಕೆ ಇಳಿಯುತ್ತದೆ, ಶನಿವಾರ ಸಿಗುತ್ತದೆ. ಆದರೆ ಆ ಹುಡುಗಿ ಹಗಲಿಡೀ ಮಂಡಿಯೂರಿ ಬರೆದುಕೊಳ್ಳುತ್ತಿರುವುದೆಲ್ಲ ಸುಳ್ಳಲ್ಲವೇ? ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕೂತಾಗ ವಿಮಲ ತಟ್ಟೆ ಸರಿಸಿ, ಮಗಳನ್ನು ಕರೆಯುವಂತೆ, “ಮೋಳೇ, ಆ ಇರ್ವೆಗಳ್ನ ಸಾಕಿದ್ದು ನಾನೇ,” ಎಂದಳು. ಆಮೇಲೆ ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲೂ ಕೈಸನ್ನೆಯಲ್ಲೂ ಹಿಟ್ಟು ಉದುರಿಸಿ ತೋರಿಸಿದಳು.

ಟೆಸ್ಸಾ ಬಿಕ್ಕಳಿಕೆ ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಲೆಕ್ಕವೆಲ್ಲ ಹಾಳಾದದ್ದು ಹೊಳೆದು ಸ್ವಲ್ಪ ಅತ್ತಳು. ಬೇರೆ ಜಾಗದಲ್ಲಿ ಮೊದಲಿಂದ ಶುರುಮಾಡು ಎಂದರು ಪ್ರೊಫೆಸರ್. ಊರಿಗೆ ಹೊರಡುವವರೆಗೆ ಒಂದು ವೀಕೆಂಡೂ ಬಿಡುವಿಲ್ಲ, ಕಡಲಿಲ್ಲ, ಸಾರಿ ಆಂಟಿ ಎಂದಳು ಹುಡುಗಿ.

ನಿಜ ಹೇಳಿ ಸಮುದ್ರ ಕಳೆದುಕೊಂಡಂತಾಯಿತು. ವಿಮಲಳಿಗೆ ಇರುವೆಗಳ ಮೇಲೆ ಸಿಟ್ಟು ಬಂತು, ಪ್ರೊಫೆಸರರ ಮೇಲೆ ಬಂತು, ಕೊನೆಗೆ ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆಯೇ ಬಂತು. ಬಸ್ಸುಗಳು ದಿನವಿಡೀ ಓಡುತ್ತಿರುವಾಗ ತಾನೇಕೆ ಪರದೇಶದ ಮಗುವಿನ ಬಾಲ ಹಿಡಿದು ಕೂತಿದ್ದೇನೆ?

ಶನಿವಾರ ಬೆಳಿಗ್ಗೆ ನೀಲಿ ಸೀರೆ ಉಟ್ಟು ಅಂಗಳಕ್ಕೆ ಬಂದು, ಕಲ್ಲಿಕೋಟೆಗೆ ಹೊರಟೆ ಎಂದಳು. ಯಾರ ಮದುವೆ ಎಂದು ಪದ್ಮಪ್ಪ ಕೇಳಿದ. ಯಾರದೂ ಅಲ್ಲ. ಯಾರು ಹೋದರು? ಯಾರೂ ಇಲ್ಲ. ಹಾಗಾದರೆ ಕಲ್ಲಿಕೋಟೆಯಲ್ಲಿ ಯಾರಿದ್ದಾರೆ?

“ಯಾರೂ ಇಲ್ಲ. ವೆರುತೆ ಹೋಗ್ತೀನಿ,” ಎಂದಳು ವಿಮಲ.

ಸುಮ್ಮನೆ ಎನ್ನುವುದಕ್ಕೆ ಮಲಯಾಳದ ಮಾತು ಅದು. ಆ ಮನೆಯ ಅಂಗಳದಲ್ಲಿ ಅದನ್ನು ಕಾರಣವೆಂದು ಯಾರೂ ಕೊಟ್ಟಿರಲಿಲ್ಲ. ಪದ್ಮಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವಳನ್ನು ನೋಡಿದ. ಒಳಗೆ ಹೋದವನು ಶುಭ್ರ ಪಂಚೆ ಉಟ್ಟು, ಒಂದು ಚಿಪ್ಪು ನೇಂದ್ರ ಬಾಳೆಹಣ್ಣು ಹಿಡಿದು ಬಂದ. ಬರಿಗೈಯಲ್ಲಿ ಹೋಗುವುದು ಹೇಗೆ ಎಂದ.

ಕಡಲ ತೀರದಲ್ಲಿ ಆ ಹಣ್ಣನ್ನು ಇಸಿದುಕೊಳ್ಳುವವರು ಯಾರೂ ಇರಲಿಲ್ಲ. ಇಬ್ಬರೂ ಮರಳಿನ ಮೇಲೆ ಕೂತು, ಹೊತ್ತು ಮುಳುಗುವ ಮೊದಲು ತಾವೇ ತಿಂದರು. ನೀರು ಬಂದು ವಿಮಲಳ ಪಾದ ತೋಯಿಸಿ ಹೋಯಿತು, ಮತ್ತೆ ಬಂತು. ಬಾಯಿ ತುಂಬ ಹಣ್ಣಿಟ್ಟುಕೊಂಡೇ ಅವಳು ಅತ್ತಳು. ಅಷ್ಟು ಸಂತೋಷ ಅವಳಿಗೆ ಯಾವ ಮದುವೆಮನೆಯಲ್ಲೂ ಆಗಿರಲಿಲ್ಲ.

ಪದ್ಮಪ್ಪ ಸಿಪ್ಪೆಗಳನ್ನೆಲ್ಲ ಒಂದೆಡೆ ಕೂಡಿಸಿದ.

“ಬರೋ ಶನಿವಾರ ಕಣ್ಣೂರಿಗೆ ಹೋಗುವ,” ಎಂದ. “ಅಲ್ಲೂ ನಮ್ಗೆ ಯಾರೂ ಇಲ್ಲ.”