ಟಪಾಲು ಆಡಿದ ಭಾನುವಾರ

ಯುದ್ಧಗಳ ಚರಿತ್ರೆ ಬರೆಯುವವರು ಮುಖ್ಯವಾದದ್ದನ್ನೇ ಬಿಟ್ಟುಬಿಡುತ್ತಾರೆ. ಆದ್ದರಿಂದ ಇದು ಇಲ್ಲಾದರೂ ದಾಖಲಾಗಲಿ: ಆ ಭಾನುವಾರ ಬೆಳಿಗ್ಗೆ ದರ್ಜಿಯ ಜೊತೆಗಾರ ಬಚ್ಚಲಲ್ಲಿ ಸೋಪು ಎತ್ತಿಕೊಳ್ಳಲು ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ.

ಸುದ್ದಿ ಬಂದಾಗ ಸೈಕಲ್ ಅಂಗಡಿಯ ಮೇಲಿನ ಕ್ಲಬ್ಬಿನಲ್ಲಿ ಟಪಾಲು ಒಬ್ಬನೇ ಇದ್ದ. ಮೇಜುಗಳಿಗೆ ಹಸಿರು ಬಟ್ಟೆ ಹಾಸಿ, ಸ್ಪಂಜು ಹರಿದು ಮಾಡಿದ ಕಾಡುಗಳನ್ನೂ ಐಸ್‌ಕ್ರೀಮ್ ಕಡ್ಡಿಯ ಸೇತುವೆಗಳನ್ನೂ ಇಡುತ್ತಿದ್ದ. ಪುಟಾಣಿ ಸೈನಿಕರ ಈ ಜೋಡಿ ಪಂದ್ಯವನ್ನು ವರ್ಷಗಳಿಂದ ನಡೆಸುವವನು ಅವನೇ. ತಾನು ಮಾತ್ರ ಎಂದೂ ಆಡಿದವನಲ್ಲ.

ಆಟದ ನಿಯಮ ಹೀಗೆ. ಇಬ್ಬರಿಬ್ಬರದು ಒಂದು ಜೋಡಿ. ಜೊತೆಗಾರರು ಮೇಜಿನ ಎರಡು ತುದಿಗೆ ನಿಲ್ಲಬೇಕು, ಒಬ್ಬರಿಗೊಬ್ಬರು ಮಾತಾಡಕೂಡದು. ನಿಜವಾದ ರಣರಂಗದಲ್ಲಿ ಸೇನಾಪತಿಗಳು ಕೂಗಿದರೆ ಕೇಳಿಸುತ್ತದೆಯೇ? ಹೇಳಬೇಕಾದ್ದನ್ನು ನಡೆಸುವವನ ಕಿವಿಯಲ್ಲಿ ಉಸುರಬೇಕು. ಅವನು ಮೇಜು ಸುತ್ತಿ ಹೋಗಿ ಇನ್ನೊಬ್ಬರ ಕಿವಿಗೆ ಮುಟ್ಟಿಸಬೇಕು. ಕಾಡಿನಲ್ಲಿ ಅಡಗಿಸಿದ ದಳವನ್ನು ಮೇಜಿನ ಮೇಲಿಡದೆ ಚೀಟಿಯಲ್ಲಿ ಬರೆದು ಮಡಚಿಟ್ಟರೆ ಸಾಕು. ಟಪಾಲು ಎಂಬ ಹೆಸರು ಬಂದದ್ದು ಹಾಗೆ.

ವಾರವಿಡೀ ಅವನು ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಿದ್ದ. ಊರಿನ ಅರ್ಧ ಜನ ನಗುವುದು ಅವನು ತೀಡಿದ ಹಲ್ಲಿನಲ್ಲೇ. ಆ ಬಾಯಿಗಳನ್ನು ಅವನು ನೋಡಿದವನಲ್ಲ. ಸಂಜೆ ಮನೆಯಲ್ಲಿ ಅದೇ ಕುಂಚದಲ್ಲಿ ಸೈನಿಕರಿಗೆ ಬಣ್ಣ ಹಚ್ಚುತ್ತಿದ್ದ. ಒಂದು ಪೂರಾ ಸೈನ್ಯ, ನೀಲಿ ಅಂಗಿಯದು, ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿತ್ತು. ಇನ್ನೂ ಒಂದು ಹೆಜ್ಜೆ ನಡೆದಿರಲಿಲ್ಲ. ಯಾರಾದರೂ ಅವನ ಹತ್ತಿರಕ್ಕೆ, ಉಸಿರು ತಾಗುವಷ್ಟು ಹತ್ತಿರಕ್ಕೆ ಬರುತ್ತಿದ್ದುದು ಈ ಪಂದ್ಯದ ದಿನ ಮಾತ್ರ. ಬಂದವರು, "ಎಡಗಡೆ ಫಿರಂಗಿ ತಳ್ಳು ಅಂತ ಹೇಳು" ಎಂದು ಹೊರಟುಬಿಡುತ್ತಿದ್ದರು.

"ಹೋಗಲಿ, ನೀನೇ ಆಡಯ್ಯ ನನ್ನ ಜೊತೆ," ಎಂದ ದರ್ಜಿ, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ.

"ಟಪಾಲು ಯಾರು ಹಾಕೋದು?"

"ಅದನ್ನೂ ನೀನೇ ಹಾಕು. ಎದುರಾಳಿಗಳ ಮಾತು ಕಿವಿಗೆ ಬಿದ್ದರೆ ಬಿದ್ದಿಲ್ಲ ಅಂದ್ಕೋ. ನಿನ್ನ ಮೇಲೆ ಇಲ್ಲಿ ಯಾರಿಗಾದರೂ ಅನುಮಾನ ಇದೆಯಾ? ಏನಮ್ಮಾ?"

ಅವನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ, ಎದುರಾಳಿ ಜೋಡಿಯಲ್ಲೊಬ್ಬಳಾದ ಔಷಧಿ ಅಂಗಡಿಯಾಕೆ ನಕ್ಕಳು. "ಇವರ ಮೇಲೆ ಅನುಮಾನಾನಾ? ಗೋಡೆ ಮೇಲೆ ಅನುಮಾನ ಪಟ್ಟ ಹಾಗೆ."

ಗೋಡೆಗೆ ಇದು ಹೊಗಳಿಕೆಯಂತೆಯೇ ಕೇಳಿಸಿತು.

ದರ್ಜಿ ಪಕ್ಕಕ್ಕೆ ಕರೆದು ಹೇಳಿದ: "ಅವನ ಸೊಂಟ ಇನ್ನು ನಂಬೋ ಹಾಗಿಲ್ಲ. ಇವತ್ತು ನೋಡೋಣ. ಹೊಂದಿಕೊಂಡರೆ ಮುಂದಕ್ಕೂ ನಾವಿಬ್ಬರೇ."

ಜೋಡಿ ಎಂದರೆ ಭಾನುವಾರಕ್ಕಷ್ಟೇ ಮುಗಿಯುವುದಲ್ಲ ಎಂಬುದು ಟಪಾಲಿಗೆ ಗೊತ್ತಿತ್ತು. ವಾರದ ನಡುವೆ ಒಂದು ಸಂಜೆ ಒಬ್ಬರ ಮನೆಗೊಬ್ಬರು ಹೋಗುತ್ತಾರೆ. ಪ್ಲಾನ್ ಹಾಕುತ್ತೇವೆಂದು ಮನೆಯವರಿಗೆ ಹೇಳಿ ಊಟದ ಹೊತ್ತಿನವರೆಗೂ ಹರಟುತ್ತಾರೆ, ಊಟ ಮಾಡಿಕೊಂಡೇ ಏಳುತ್ತಾರೆ. ಅವನ ಮನೆಯಲ್ಲಿ ಕುರ್ಚಿ ಎರಡಿದ್ದವು. ಎರಡನೆಯದರ ಮೇಲೆ ಬಟ್ಟೆ ಒಣಗುತ್ತಿತ್ತು. ಪೆಟ್ಟಿಗೆ ಬಿಚ್ಚಿ ನೀಲಿ ಅಂಗಿಯವರನ್ನು ನಿಲ್ಲಿಸುವಾಗ ಅವನು ಯೋಚಿಸಿದ್ದು ಯುದ್ಧವನ್ನಲ್ಲ, ಆ ಕುರ್ಚಿಯನ್ನು.

ಆಟ ಚೆನ್ನಾಗಿಯೇ ಶುರುವಾಯಿತು. ದರ್ಜಿ ಟೇಪು ಹಿಡಿಯದೆ ಕಣ್ಣಳತೆಯಲ್ಲೇ ದೂರ ಹೇಳುತ್ತಿದ್ದ, ದಾಳಗಳು ಮಾತು ಕೇಳಿದವು. ಟಪಾಲು ತನ್ನ ಪಾಳಿ ಆಡಿ, ಉಳಿದ ಮೇಜುಗಳಿಗೆ ಓಡಿ, ಕಿವಿ ಕೊಟ್ಟು, ಬಾಯಿ ಕೊಟ್ಟು, ಮತ್ತೆ ಓಡಿಬರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಸೇತುವೆ ದಾಟುವುದೊಂದೇ ಬಾಕಿ. ಬೆಳಿಗ್ಗೆಯೇ ಅವನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡ ದಾರಿ ಅದು.

ಆಗ ಔಷಧಿ ಅಂಗಡಿಯಾಕೆ ಬೆರಳು ಮಡಿಸಿ ಕರೆದಳು. ಕಿವಿಗೆ ಬಾಗಿದಳು. "ಮೇಷ್ಟ್ರಿಗೆ ಹೇಳಿ, ನನ್ನ ಕುದುರೆಗಳೆಲ್ಲ ಸೇತುವೆ ಪಕ್ಕದ ಕಾಡಿನಲ್ಲಿ ಅಡಗಿವೆ. ನೀಲಿಯವರು ದಾಟಿದ ಕೂಡಲೇ ಮೇಲೆ ಬೀಳ್ತೀನಿ."

ಟಪಾಲು ಹೋಗಿ ಆಕೆಯ ಜೊತೆಗಾರ ಡ್ರಿಲ್ ಮೇಷ್ಟ್ರ ಕಿವಿಯಲ್ಲಿ ಅಕ್ಷರ ಬಿಡದೆ ಒಪ್ಪಿಸಿದ. ತನ್ನ ಜಾಗಕ್ಕೆ ಬಂದು ನಿಂತ. ಬಿದ್ದಿಲ್ಲ ಅಂದುಕೊಳ್ಳಬೇಕಾದ ಮಾತು ಕಿವಿಯೊಳಗೆ ಕುದುರೆ ಕಟ್ಟಿ ಕೂತಿತ್ತು. ಕೇಳದೇ ಇದ್ದಿದ್ದರೆ ಏನು ಮಾಡುತ್ತಿದ್ದೆ? ಸೇತುವೆ ದಾಟುತ್ತಿದ್ದೆ. ಹಾಗಾದರೆ ದಾಟಬೇಕು.

ಅಷ್ಟರಲ್ಲಿ ದರ್ಜಿ ಕರೆದ. ಅವನತ್ತ ಒಮ್ಮೆ, ಮೇಜಿನತ್ತ ಒಮ್ಮೆ ನೋಡಿ ಪಿಸುಗುಟ್ಟಿದ: "ನನಗ್ಯಾಕೋ ಆ ಕಾಡು ಸರಿ ಕಾಣ್ತಿಲ್ಲ. ಸೇತುವೆ ಬೇಡ, ಸುತ್ತಿಕೊಂಡು ಬಾ."

ಟಪಾಲು ಕೆನ್ನೆ ಮುಟ್ಟಿ ನೋಡಿಕೊಂಡ. ಮುಖವೇ ಗುಟ್ಟು ಬಿಟ್ಟುಕೊಟ್ಟಿತು ಎಂದುಕೊಂಡ. ಬಾಯಿ ಮುಚ್ಚಿಕೊಂಡಿದ್ದೇನು ಬಂತು, ಹುಬ್ಬೋ ತುಟಿಯೋ ಚಾಡಿ ಹೇಳಿದೆ. ಈಗ ಸುತ್ತಿಕೊಂಡು ಹೋದರೆ ಕದ್ದ ಮಾತಿನಲ್ಲಿ ಗೆದ್ದ ಹಾಗೆ.

ನೀಲಿ ಅಂಗಿಯವರು ಸಾಲಾಗಿ ಸೇತುವೆ ದಾಟಿದರು. ಕುದುರೆಗಳು ಬಿದ್ದವು. ಅವನೇ ಒಬ್ಬೊಬ್ಬರನ್ನಾಗಿ ಎತ್ತಿ ಹತ್ತಿಯ ಮೇಲೆ ಮಲಗಿಸಿದ. ಮೇಜಿನ ಆ ತುದಿಯಲ್ಲಿ ದರ್ಜಿ ನಿಯಮದಂತೆ ಬಾಯಿ ಬಿಡದೆ, ಬಿಡದ ಬಾಯಿಯಲ್ಲೇ ಏನೇನೋ ಹೇಳುತ್ತಿದ್ದ.

ಆಟ ಮುಗಿದ ಮೇಲೆ ಹೇಳಿಯೇ ಬಿಟ್ಟ. "ಅಲ್ಲಯ್ಯಾ, ಬೇಡ ಅಂದೆ. ಕಿವಿಯಲ್ಲೇ ಹೇಳಿದೆ. ಊರಿನವರ ಮಾತೆಲ್ಲ ಮುಟ್ಟಿಸ್ತೀಯ, ನಿನಗೆ ಹೇಳಿದ್ದು ನಿನಗೇ ಮುಟ್ಟಲ್ವಾ?"

"ಕುದುರೆ ಇರೋದು ನನಗೆ ಗೊತ್ತಿತ್ತು," ಎಂದ ಟಪಾಲು. "ಆಕೆ ನನ್ನ ಕೈಲೇ ಹೇಳಿ ಕಳಿಸಿದ್ದು. ನೀವು ನನ್ನ ಮುಖ ನೋಡಿ ಕಂಡುಹಿಡಿದ್ರಿ. ಅದಕ್ಕೇ..."

"ನಿನ್ನ ಮುಖಾನಾ?" ದರ್ಜಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿನ್ನ ಮುಖ ಯಾರಯ್ಯಾ ನೋಡ್ತಾರೆ? ಆಕೆ ಊಟಕ್ಕೂ ಹೋಗದೆ ಕಾಡಿನ ಪಕ್ಕಾನೇ ನಿಂತಿದ್ಲಲ್ಲ, ಅದನ್ನ ನೋಡಿದೆ."

ಔಷಧಿ ಅಂಗಡಿಯಾಕೆ ಚೀಲಕ್ಕೆ ಹಾಕುತ್ತಿದ್ದ ಕುದುರೆಯನ್ನು ಕೈಯಲ್ಲೇ ಹಿಡಿದು ಒಂದು ಗಳಿಗೆ ನಿಂತಳು. "ನೀವು ಸರಿಯಾಗೇ ಆಡಿದಿರಿ," ಎಂದಳು. ಮೆಟ್ಟಿಲ ಕಡೆಯಿಂದ ಮೇಷ್ಟ್ರು ಕರೆದರು, ಹೋದಳು.

ದರ್ಜಿಯನ್ನು ಕರೆದೊಯ್ಯಲು ಅವನ ಭಾವಮೈದುನ ಬಂದಿದ್ದ, ಸ್ಕೂಟರ್ ಕೀಲಿ ಬೆರಳಿಗೆ ಸುತ್ತುತ್ತ. "ಏನ್ ಬಾವ, ಬೊಂಬೆ ಆಟ ಮುಗೀತಾ?" ಎಂದ. ಕುದುರೆಗೂ ಫಿರಂಗಿಗೂ ವ್ಯತ್ಯಾಸ ತಿಳಿಯದ ಆಸಾಮಿ, ಸತ್ತವರ ಸಾಲಿನಿಂದ ಒಬ್ಬನನ್ನೆತ್ತಿ ತಲೆಕೆಳಗು ಮಾಡಿ ನೋಡಿದ.

"ಏಯ್, ಹೇಳಿದ್ದು ಕೇಳ್ತೀಯಾ ನೀನು?" ಎಂದು ದರ್ಜಿ ಕೇಳಿದ.

"ಅಕ್ಕನ್ನ ನಿಮಗೆ ಕೊಟ್ಟ ಮೇಲೆ ಕೇಳದೆ ಏನ್ ಮಾಡಲಿ ಬಾವ?"

ಇಬ್ಬರೂ ನಗುತ್ತ ಮೆಟ್ಟಿಲಿಳಿದರು. ಮುಂದಿನ ಪಂದ್ಯದಿಂದ ದರ್ಜಿಗೆ ಭಾವಮೈದುನನೇ ಜೋಡಿಯಾದ.