ಅವನ ಕಾಲುಸದ್ದು

ಬೂಟಿನೊಳಗೆ ಇನ್ನೂ ಬೆಚ್ಚಗಿದೆ, ದೀಪದ ಕೆಳಗೆ ಇಟ್ಟಿದ್ದರೇನೋ, ಅಷ್ಟೇ, ಸತ್ತ ನಟನ ಬೂಟು ಬೆಚ್ಚಗಿರಲು ಬೇರೆ ಕಾರಣ ಯಾಕೆ ಬೇಕು, ಅವಳು ಪಾದ ತೂರಿಸಿದಳು, ಬೆರಳುಗಳ ಮುಂದೆ ಅದೇ ಹಳೆಯ ಖಾಲಿ ಜಾಗ — ಇಷ್ಟು ವರ್ಷ ತೆರೆಯ ಮೇಲೆ ಅವನು ನಡೆಯುತ್ತಿದ್ದ, ಧ್ವನಿಮುದ್ರಣದ ಈ ಕತ್ತಲಕೋಣೆಯ ಕಲ್ಲುಚಪ್ಪಡಿಯ ಮೇಲೆ ಅವಳು ನಡೆಯುತ್ತಿದ್ದಳು, ಮೈಕು ಅವಳ ಸದ್ದನ್ನು ಅವನ ಕಾಲಿಗೆ ಕೊಡುತ್ತಿತ್ತು, ಜನ ಕಣ್ಣು ಮುಚ್ಚಿದರೂ ಗುರುತಿಸುತ್ತಿದ್ದರು, ಬಂದ ನೋಡು ಅವನೇ, ಟಕ್, ಸರ್ರ್, ಎಡ ಹಿಮ್ಮಡಿ ಚೂರು ಎಳೆದು ಬರುವ ಆ ನಡಿಗೆ, ಪದ್ಯದ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾದ ಹಾಗೆ, ಮೊನ್ನೆ ಶವದ ಹಿಂದೆ ಊರಿಗೆ ಊರೇ ಹಾಗೆ ನಡೆಯಿತು, ಕಿಟಕಿಯಲ್ಲಿ ನಿಂತು ಕೇಳಿದ್ದಳು, ಅಷ್ಟೂ ಹಿಮ್ಮಡಿಗಳು ಒಟ್ಟಿಗೆ ನೆಲ ಸವರುತ್ತಿದ್ದವು — ಆ ಎಳೆತ ತನ್ನ ತಪ್ಪು ಅಂತ ಯಾರಿಗೆ ಹೇಳುವುದು, ಅವನ ಮೊದಲ ಸಿನಿಮಾದಲ್ಲಿ ಬೂಟು ಸಡಿಲವಾಗಿ ತನ್ನ ಎಡಗಾಲಿನಿಂದ ಜಾರುತ್ತಿತ್ತು, ಇನ್ನೊಂದ್ಸಲ ಮಾಡ್ತೀನಿ ಸಾರ್ ಅಂದಿದ್ದಳು, ಬಿಡಮ್ಮ, ಹೊಟ್ಟೆ ಹಸೀತಿದೆ, ಕಾಲುಸದ್ದು ಕೇಳೋಕೆ ಯಾರಾದ್ರೂ ಟಿಕೆಟ್ ತಗೋತಾರಾ ಅಂದಿದ್ದರು ನಿರ್ದೇಶಕರು.

ಈಗ ಗಾಜಿನಾಚೆ ಅವನ ಹೆಂಡತಿ ಕೂತಿದ್ದಾಳೆ, ಕೊನೆಯ ಸಿನಿಮಾ, ಕೊನೆಯ ದೃಶ್ಯ ಅರ್ಧಕ್ಕೇ ನಿಂತಿದೆ, ಓಣಿಯ ನಡುವೆ ಅವನು ನಡೆಯುತ್ತಿರುವಾಗಲೇ ತೆರೆ ಕಪ್ಪಾಗುತ್ತದೆ, ಕತ್ತಲಲ್ಲಿ ಹೆಜ್ಜೆ ಮಾತ್ರ ಮುಂದುವರಿಯಬೇಕಂತೆ, ಅದಕ್ಕೇ ಆಕೆ ಬಂದದ್ದು — ನೋಡಮ್ಮ, ಕೊನೇಲಾದ್ರೂ ಅವರನ್ನ ಅವರ ಹಾಗೇ ನಡೆಸು, ಮದುವೆಯಾದ ಹೊಸದ್ರಲ್ಲಿ ಬರಿಗಾಲಲ್ಲಿ ಬೆಕ್ಕಿನ ಹಾಗೆ ಬರೋರು, ಹಿಂದೆ ನಿಂತಿದ್ರೂ ಗೊತ್ತಾಗ್ತಿರ್ಲಿಲ್ಲ, ಆ ಮೊದಲ್ನೇ ಸಿನಿಮಾ ಓಡಿದ್ಮೇಲೆ ಕನ್ನಡಿ ಮುಂದೆ ನಿಂತು ಈ ನಡಿಗೆ ಕಲಿತ್ರು, ಆಮೇಲೆ ಬಚ್ಚಲಿಗೆ ಹೋಗೋದೂ ಹೀಗೇ, ಆಸ್ಪತ್ರೇಲಿ ಎದ್ದು ಎರಡು ಹೆಜ್ಜೆ ಇಟ್ಟಾಗ್ಲೂ ಹೀಗೇ, ನನ್ನ ಗಂಡ ನಡೆದಿದ್ದನ್ನ ನಾನು ಕೇಳಿ ಎಷ್ಟೋ ಕಾಲ ಆಯ್ತು — ಹಾಗೆ ಮಾಡಿದ್ರೆ ಇದ್ಯಾರು ಅಂತಾರಲ್ಲ ಮೇಡಂ ಜನ, ಶಬ್ದ ಹಿಡಿಯುವವನ ಗೊಣಗಾಟ — ಅನ್ಲಿ ಬಿಡಪ್ಪಾ, ಜನ ತಮ್ಮ ಪಾಲು ತಗೊಂಡಾಯ್ತು, ಇಷ್ಟು ನನಗಿರ್ಲಿ.

ಇಷ್ಟೇ ತಾನೇ, ಇಷ್ಟನ್ನೂ ಕೊಡದಿದ್ದರೆ ದೇವರು ಮೆಚ್ಚುವನೇ, ಬೂಟು ಬಿಚ್ಚಿ ಬದಿಗೆ ಸರಿಸಿದಳು, ಚಪ್ಪಡಿ ತಣ್ಣಗೆ ಕೊರೆಯಿತು, ತೆರೆಯಲ್ಲಿ ಅವನು ಬಂದ, ಸದ್ದಿಲ್ಲದೆ ಬಂದ, ಕಪ್ಪಾಯಿತು, ಈಗ ತಾನೊಬ್ಬಳೇ, ಮೆಲ್ಲಗೆ ಬಲಗಾಲು, ಮೆಲ್ಲಗೆ ಎಡಗಾಲು — ಸರ್ರ್ — ಇಲ್ಲ, ಇನ್ನೊಮ್ಮೆ, ಬಲ, ಎಡ, ಸರ್ರ್ — ಅಕ್ಕಾ, ಬೂಟು ಬಿಚ್ಚಿದೀರಿ ತಾನೇ, ಶಬ್ದ ಹಿಡಿಯುವವನ ದನಿ — ಬಿಚ್ಚಿದ್ದೇನಪ್ಪ, ಅಗೋ ಅಲ್ಲಿವೆ, ಜಾರುವುದಕ್ಕೆ ಕಾಲಲ್ಲಿ ಏನೂ ಇಲ್ಲ, ಹಾಗಾದರೆ ಎಳೆಯುತ್ತಿರುವುದು ಯಾರು, ಮೊದಲು ನಾನು ಹೇಗೆ ನಡೆಯುತ್ತಿದ್ದೆ, ಮಗುವಾಗಿದ್ದಾಗ, ಅಮ್ಮನ ಬೆರಳು ಹಿಡಿದು, ನೆನಪಿಗೆ ಬರುವ ಅಂಗಳದಲ್ಲೂ ಪುಟ್ಟ ಕಾಲೊಂದು ಸರ್ರ್ ಎನ್ನುತ್ತದೆ, ಗಾಜಿನಾಚೆ ಆಕೆ ಕಣ್ಣು ಮುಚ್ಚಿದ್ದಾಳೆ, ತಲೆ ಬಾಗಿಸಿ ಕಿವಿಯಾಗಿದ್ದಾಳೆ, ಬೆಕ್ಕಿನ ಹಾಗೆ ಬರುವ ಗಂಡನಿಗಾಗಿ, ಮೈಕು ತೆರೆದೇ ಇದೆ, ಬಲಗಾಲು ಊರಿದೆ, ಎಡಗಾಲು ಎತ್ತಿದೆ, ಇಡಬೇಕು, ಇಟ್ಟರೆ, ಇಡುವುದು ಹೇಗೆ, ಕಲ್ಲಿನಿಂದ ಒಂದು ಬೆರಳು ಮೇಲೆ, ಎಡ ಹಿಮ್ಮಡಿ, ಬರಿಯ ಎಡ ಹಿಮ್ಮಡಿ