ಮಾರ್ತಾಂಡರಾಯನ ಕೂಗು

ಮೂರು ಆಟ, ಮೂರೂ ಗೆಲುವು. ಪುಣೆಯ ಕನ್ನಡಿಗರ ಹಾಕಿ ಸಂಘದವರೆಲ್ಲ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದರೆ, ಕ್ಯಾಪ್ಟನ್ ಮಾರ್ತಾಂಡರಾಯನಿಗೆ ಮಾತ್ರ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಆದಿತ್ಯವಾರ ಮುಂಜಾನೆ ಅವನು ವಾಡೆಯ ಅಂಗಳದಲ್ಲಿ ಅತ್ತಿಂದಿತ್ತ ಸುತ್ತುವುದನ್ನು ನೋಡಿ ಹೆಂಡತಿ ಅಂಬಾ ಚಹಾದ ಬಟ್ಟಲು ಹಿಡಿದುಕೊಂಡು ಬಂದಳು.

"ಗೆದ್ದವರು ಹಿಂಗ ಸುತ್ತತಾರೇನ್ರಿ? ನೋಡಿದವರು ಮೂರೂ ಸೋತಾರ ಅಂದಾರು."

"ಇವತ್ತ ದೌಂಡಿನ ರೇಲ್ವೆಯವರು ಬರತಾರ. ಭಾಳ ಗಟ್ಟಿ ಮಂದಿ," ಎಂದ ಮಾರ್ತಾಂಡ. ಅರ್ಧ ಸುಳ್ಳು. ಅವನ ಚಿಂತೆ ದೌಂಡಿನಿಂದ ಬಂದದ್ದಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ತಂಡ ಚೆಲ್ಲಾಪಿಲ್ಲಿಯಾಗಿತ್ತು. ಕೆಲವರು ಪಲ್ಟನ್ನು ಸೇರಿದರು, ಕೆಲವರು ಬೇರೆ ಊರಿಗೆ ಹೋದರು. ಯುದ್ಧ ಮುಗಿದ ಮೇಲೆ ಮನೆಮನೆ ಅಲೆದು ಧಾರವಾಡ, ಬೆಳಗಾವಿ ಕಡೆಯ ಕಾರಕೂನರನ್ನು ಕೂಡಿಸಿದವನು ಮಾರ್ತಾಂಡನೇ. ಅಷ್ಟು ಮಂದಿ ಸಾಲದೆ ಸದಾನಂದನ ಹೋಟೆಲಿನ ಕರಾವಳಿ ಹುಡುಗರನ್ನು ತಂದ. ತಟ್ಟೆ ತೊಳೆಯುವವರ ಜೊತೆ ಆಡುವುದೇ ಎಂದು ಮೂಗು ಮುರಿದ ಹಿರಿಯರ ಮೇಲೆ ಹರಿಹಾಯ್ದ. ಸದಾನಂದನನ್ನೇ ಗೋಲಿನಲ್ಲಿ ನಿಲ್ಲಿಸಿದ. ಕಟ್ಟಿದ್ದೇನೋ ಚೆನ್ನಾಗಿಯೇ ಕಟ್ಟಿದ. ಆದರೆ ಆ ಹುಡುಗರು ಓಡುವ ಓಟಕ್ಕೆ ಅವನ ನಲವತ್ತು ದಾಟಿದ ಮೊಣಕಾಲು ಜೊತೆ ಕೊಡಲಿಲ್ಲ.

ಅವನಿಗೆ ಉಳಿದದ್ದು ಗಂಟಲು. ಹಿಂದೆ ಬ್ಯಾಕ್ ಜಾಗದಲ್ಲಿ ನಿಂತು "ಬಾಳು, ಎಡಕ್ಕ ಕೊಡು! ಹರಿಶ್ಚಂದ್ರ, ಮುಂದ ಹೋಗು!" ಎಂದು ಕೂಗುವನು. ಎದುರಾಳಿಗಳಿಗೆ ಮರಾಠಿ ಬರುತ್ತಿತ್ತು, ಇಂಗ್ಲಿಷು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಅವರು ಕಣ್ಣು ಪಿಳಿಪಿಳಿ ಬಿಡುವಷ್ಟರಲ್ಲಿ ಚೆಂಡು ಗೋಲಿನೊಳಗೆ. ಈ ಕೂಗು ನಿಂತ ದಿನ ತಂಡದಲ್ಲಿ ತನಗೆ ಜಾಗವಿಲ್ಲ ಎಂಬುದು ಮಾರ್ತಾಂಡನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಅವನನ್ನು ಅಂಗಳದ ತುಂಬ ಸುತ್ತಿಸುತ್ತಿತ್ತು.

ಮೈದಾನಕ್ಕೆ ಬಂದರೆ, ದೌಂಡಿನವರ ಗುಂಪಿನಿಂದ ಒಬ್ಬ ಎತ್ತರದ ಆಳು ನಗುತ್ತ ಎದ್ದು ಬಂದ. "ನಮಸ್ಕಾರ್ರಿ. ನೀವು ನಮ್ಮ ಕಡೆಯವರಂತ? ನಾ ಅವಧೂತ, ಹುಬ್ಬಳ್ಳಿಯಿಂದ ಹೋದ ತಿಂಗಳ ದೌಂಡಿಗೆ ವರ್ಗ ಆತು."

ಪರ ಊರಿನಲ್ಲಿ ಕನ್ನಡ ಕಿವಿಗೆ ಬಿತ್ತೆಂದರೆ ಸಾಕು, ಪುಣೆಯ ನಮ್ಮವರು ಮೈಮರೆಯುತ್ತಾರೆ. ಮಾರ್ತಾಂಡ ಅವನನ್ನು ತಬ್ಬಿಕೊಂಡ. ಯಾರ ಪೈಕಿ, ಯಾವ ಓಣಿ ಎಂದು ವಿಚಾರಿಸಿದ, ಅಂಬಾ ಕಟ್ಟಿಕೊಟ್ಟಿದ್ದ ಅವಲಕ್ಕಿಯನ್ನೂ ಹಂಚಿಕೊಂಡ. ಇಷ್ಟೆಲ್ಲ ಮಾಡಿದ ಮಹಾನುಭಾವನಿಗೆ, ಈ ಮನುಷ್ಯನಿಗೆ ಕನ್ನಡ ತಿಳಿಯುತ್ತದೆ ಎಂಬ ಒಂದು ಮಾತು ಮಾತ್ರ ತಲೆಗೆ ಹೊಳೆಯಲಿಲ್ಲ.

ಹೊಳೆದದ್ದು ಆಟ ಶುರುವಾದ ಮೇಲೆ. "ಎಡಕ್ಕ!" ಎಂದು ಕೂಗಿದರೆ ಬಾಳುವಿಗಿಂತ ಮೊದಲು ಅವಧೂತ ಎಡಕ್ಕಿರುತ್ತಿದ್ದ. "ಹಿಂದ ಕೊಡು!" ಎಂದರೆ ನಡುವೆ ಅವನ ಸ್ಟಿಕ್ಕು. ಅರ್ಧ ಆಟ ಮುಗಿಯುವುದರೊಳಗೆ ದೌಂಡಿನವರು ಒಂದು ಗೋಲು ಹೊಡೆದರು. ಮಾರ್ತಾಂಡನಿಗೆ ನಾಚಿಕೆಯಿಂದ ಮೈ ಉರಿಯಿತು.

ವಿರಾಮದಲ್ಲಿ ಯಾರೂ ಅವನ ಮುಖ ನೋಡಲಿಲ್ಲ. ಸದಾನಂದನೇ ಬಾಯಿ ತೆರೆದ. "ಬೇಸರ ಮಾಡ್ಬೇಡಿ ರಾಯರೇ. ನಾನು ಹಿಂದಿನಿಂದ ತುಳುವಿನಲ್ಲಿ ಕೂಗಿದ್ರೆ ಹೇಗೆ? ಅದು ಹುಬ್ಬಳ್ಳಿಯವರಿಗೂ ಗೊತ್ತಾಗ್ಲಿಕ್ಕಿಲ್ಲ."

"ನಮ್ಮ ಕಾರಕೂನರಿಗೆ ತಿಳೀಬೇಕಲ್ಲೋ?"

"ತಿಳೀತದ್ರಿ," ಎಂದ ಕಾರಕೂನ ಬಾಳು, ನೆಲ ನೋಡುತ್ತ. "ದಿನಾ ಅವರ ಹೋಟೆಲಿನಾಗ ಉಣ್ಣತೇವಿ. ಅಡಗಿ ಮನಿಯಾಗ ಇವರು ಕೂಗೋದು ಕೇಳಿ ಕೇಳಿ ಎಲ್ಲಾ ಬಂದದ."

ತಿಳಿಯದವನು ಮನೆಯಲ್ಲಿ ಉಣ್ಣುವ ಮಾರ್ತಾಂಡ ಒಬ್ಬನೇ. ಬೇಡ ಎನ್ನಲು ಬಾಯಿ ತೆರೆದ, ಹುಡುಗರ ಮುಖ ನೋಡಿದ, ಬೇರೆ ಮಾತೇ ಹೊರಬಂತು. "ಆಗಲಿ. ನಾನೂ ಕೂಗತೇನಿ, ಆದರ ಬರೀ ಸುಳ್ಳು. ಅವಧೂತ ನನ್ನ ಮಾತು ಕೇಳಲಿ. ನೀವು ಯಾರೂ ಕೇಳಬ್ಯಾಡ್ರಿ."

ಆಮೇಲೆ ನೋಡಬೇಕಿತ್ತು ಆ ಆಟ. ಮಾರ್ತಾಂಡ "ಎಡಕ್ಕ!" ಎಂದು ಒದರುವುದು, ಅವಧೂತ ಎಡಕ್ಕೆ ಧಾವಿಸುವುದು, ಹಿಂದಿನಿಂದ ಸದಾನಂದ "ದುಂಬು ಪೋಲ!" ಎನ್ನುವುದು, ಹರಿಶ್ಚಂದ್ರ ನೇರ ಮುಂದಕ್ಕೆ ನುಗ್ಗುವುದು. ಒಂದು ಗೋಲಾಯಿತು. ಇನ್ನೊಂದಾಯಿತು. ಜನ ಟೊಪ್ಪಿಗೆ ಹಾರಿಸಿದರು. ಗೆಲುವು ಕೈಗೆ ಬಂದ ಸಂತೋಷಕ್ಕೂ, ತನ್ನ ಮಾತು ಕೇಳದೆಯೇ ಬಂತಲ್ಲ ಎಂಬ ಸಂಕಟಕ್ಕೂ ನಡುವೆ ಮಾರ್ತಾಂಡ ಸುಳ್ಳು ಕೂಗುತ್ತಲೇ ಇದ್ದ.

ಆಟ ಮುಗಿಯುವ ಹೊತ್ತಿಗೆ ಗೋಲಿನ ಎಡಗಡೆ ಗುಂಪು ಮುತ್ತಿತು. ಸದಾನಂದ ಅದರೊಳಗೆ ಸಿಕ್ಕಿಕೊಂಡ. ಚೆಂಡು ಹೇಗೋ ಜಾರಿ ಬಲಗಡೆಗೆ ಬಂತು. ಅಲ್ಲಿ ಅವಧೂತ ಒಬ್ಬನೇ, ಎದುರಿಗೆ ಬರಿದಾದ ಗೋಲು.

"ಬಲಕ್ಕ! ಸದಾನಂದ, ಬಲಕ್ಕ ನೋಡೋ!"

ಇದು ಖರೆ ಕೂಗು. ಒಂದು ತಲೆಯೂ ತಿರುಗಲಿಲ್ಲ.

ಮಾರ್ತಾಂಡ ಬಾಯಿ ಮುಚ್ಚಿ ಓಡಿದ. ಈ ಸಲದ ಆಟಗಳಲ್ಲಿ ಅವನು ನಿಜವಾಗಿ ಓಡಿದ್ದು ಅದೇ ಮೊದಲು. ಸ್ಟಿಕ್ಕು ತಾಗದು ಎಂದು ಕಂಡೊಡನೆ ಮೈಯನ್ನೇ ಅಡ್ಡ ಚೆಲ್ಲಿದ. ಅವಧೂತ ಬೀಸಿದ ಚೆಂಡು ಅವನ ಮೊಣಕಾಲಿಗೆ ಬಡಿದು ಗೋಲುಕಂಬದ ಹೊರಗಿನಿಂದ ಗೆರೆಯಾಚೆ ಉರುಳಿತು. ಗುಂಪಿನ ಮರೆಯಲ್ಲಿ ಅದು ಕಾಲಿಗೆ ತಾಗಿದ್ದು ಅಂಪೈರನಿಗೆ ಕಾಣಲಿಲ್ಲ. ಸ್ವಲ್ಪದರಲ್ಲೇ ಆಟ ಮುಗಿದ ಸೀಟಿಯೂ ಆಯಿತು.

ಸದಾನಂದ ಓಡಿಬಂದು ಪಕ್ಕದಲ್ಲಿ ಕುಕ್ಕರಿಸಿದ. "ಅಯ್ಯೋ, ಒಂದು ಮಾತು ಕೂಗಬಾರದಿತ್ತಾ ರಾಯರೇ?"

"ಕೂಗಿದ್ನೋ. ನೀವು ಯಾರೂ ಕೇಳಲಿಲ್ಲ."

"ಕೇಳಬೇಡಿ ಅಂತ ನೀವೇ ಹೇಳಿದ್ದಲ್ಲವಾ?"

"ಹೌದು. ಹೇಳಿದ್ದು ಭಾಳ ಚಲೋ ಕೇಳಿದ್ರಿ," ಎಂದು ಮಾರ್ತಾಂಡ ನಕ್ಕ. ನಗುವಾಗಲೇ ಕಣ್ಣಲ್ಲಿ ನೀರು ಬಂತು. ಮೊಣಕಾಲು ತಂಬಿಗೆಯ ಹಾಗೆ ಊದಿಕೊಂಡಿತ್ತು. ಅದು ಮತ್ತೆ ಮೈದಾನಕ್ಕಿಳಿಯುವ ಕಾಲಲ್ಲವೆಂದು ಯಾರೂ ಹೇಳಬೇಕಾಗಿರಲಿಲ್ಲ.

ಹುಡುಗರು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಅವಧೂತನೂ ಬಂದು ಒಂದು ಕಡೆ ಹೆಗಲು ಕೊಟ್ಟ.

"ಮುಂದಿನ ಆದಿತ್ಯವಾರದಿಂದ ನೀನ ಕೂಗಪ್ಪಾ," ಎಂದ ಮಾರ್ತಾಂಡ ಮೇಲಿನಿಂದ ಸದಾನಂದನಿಗೆ. "ಆದರ ಅಷ್ಟರಾಗ ನನಗ ನಿಮ್ಮ ತುಳು ಕಲಿಸು. ಹೊರಗ ಕೂತವನಿಗೂ ಆಟ ತಿಳೀಬೇಕಲ್ಲ."